ಅಂಗಡಿ ಲೆಕ್ಕ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಅಂಗಡಿ ಇಟ್ಟವರು, ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡು ಮೊದಲ ತಿಂಗಳೇ ಕಂಗಾಲಾದ ಮಕ್ಕಳು, ಸ್ವಸಹಾಯ ಸಂಘದ ಲೆಕ್ಕ ತಲೆಗೆ ಬಿದ್ದ ಹೆಣ್ಣುಮಕ್ಕಳು, ಎಲ್ಲರೂ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಇಲ್ಲಿ ಉದ್ದಕ್ಕೂ ಒಂದೇ ಅಂಗಡಿಯ ಉದಾಹರಣೆ ಇಟ್ಟುಕೊಂಡಿದ್ದೇನೆ: ಕಾಲೇಜಿನ ಎದುರು ಒಬ್ಬ ಅಕ್ಕ ಜೂನ್ 1ರಂದು ತೆರೆದ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಕೂಡಿಸಲು ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇನೆ. ಪೆನ್ನು ಹಿಡಿದು ಜೊತೆಜೊತೆಗೇ ಕೂಡಿಸುತ್ತ ಓದಿ. ಲೆಕ್ಕ ಕಣ್ಣಿಗಿಂತ ಕೈಗೆ ಬೇಗ ಅರ್ಥವಾಗುತ್ತದೆ.

ನನಗೆ ಎಲ್ಲ ನೆನಪಿರುತ್ತದೆ. ಬರೆದೇ ಇಡಬೇಕೇ?

ಬರೆಯಬೇಕು. ಬೆಳಿಗ್ಗೆ ಟೀ ಹುಡುಗನಿಗೆ ಕೊಟ್ಟ 60 ರೂಪಾಯಿ ಸಂಜೆಗೆ ನೆನಪಿರುತ್ತದೆ. ಮೂರು ತಿಂಗಳ ಹಿಂದೆ ಶಾಲೆಯ ಗುಮಾಸ್ತರು ನಾಲ್ಕು ಡಜನ್ ನೋಟ್‌ಬುಕ್ ಉದ್ರಿ ಒಯ್ದದ್ದು ಮರೆತುಹೋಗಿರುತ್ತದೆ. ನಿಮಗೆ ನೆನಪಿದ್ದರೂ ಅವರಿಗೆ ಇರುವುದಿಲ್ಲ.

ನಡೆದ ವ್ಯವಹಾರವನ್ನು ಅದೇ ದಿನ ತಾರೀಖು ಹಾಕಿ ಬರೆಯುವುದು, ಆಮೇಲೆ ಒಂದೊಂದು ಹೆಸರಿನ ಕೆಳಗೆ ವಿಂಗಡಿಸುವುದು, ಕಡೆಗೆ ಒಟ್ಟು ತೆಗೆದು ಅಂಗಡಿ ಎಲ್ಲಿ ನಿಂತಿದೆ ಎಂದು ನೋಡುವುದು. ಲೆಕ್ಕಶಾಸ್ತ್ರದ ಕೆಲಸ ಇಷ್ಟೇ. ರೂಪಾಯಿಯಲ್ಲಿ ಅಳೆಯಲು ಬರುವುದು ಮಾತ್ರ ಪುಸ್ತಕಕ್ಕೆ ಬರುತ್ತದೆ. ಅಕ್ಕ ಗಿರಾಕಿಗಳ ಜೊತೆ ಚೆನ್ನಾಗಿ ಮಾತಾಡುತ್ತಾರೆ, ಅಂಗಡಿ ಕಾಲೇಜಿನ ಗೇಟಿಗೆ ನೇರ ಎದುರಿಗಿದೆ. ಇವೆರಡರಿಂದಲೇ ಅರ್ಧ ವ್ಯಾಪಾರ ನಡೆಯಬಹುದು, ಆದರೂ ಇವನ್ನು ಬರೆಯಲು ಯಾವ ಪುಸ್ತಕದಲ್ಲೂ ಜಾಗವಿಲ್ಲ.

ಅಂಗಡಿ ನನ್ನದು, ದುಡ್ಡೂ ನನ್ನದು. ಹಾಗಿದ್ದರೆ ಬಂಡವಾಳ ಅಂಗಡಿಯ ಸಾಲ ಹೇಗಾಗುತ್ತದೆ?

ಎಲ್ಲರೂ ಮೊದಲು ಎಡವುವುದು ಇಲ್ಲೇ. ಲೆಕ್ಕದ ಮಟ್ಟಿಗೆ ಅಂಗಡಿಯೇ ಒಬ್ಬ ಬೇರೆ ಮನುಷ್ಯ, ಒಡೆಯರೇ ಬೇರೆ. ಪುಸ್ತಕ ಬರೆಯುವಾಗ ಅಂಗಡಿಯ ಕಡೆ ಕೂತು ಬರೆಯಬೇಕು. ಅಕ್ಕ ತನ್ನ ಉಳಿತಾಯದ 2,00,000 ರೂಪಾಯಿ ತಂದು ಹಾಕಿದಾಗ ಅಂಗಡಿ ಹೇಳುವುದು, ‘ನನಗೆ ದುಡ್ಡು ಬಂತು, ಇದನ್ನು ಅಕ್ಕನಿಗೆ ಕೊಡುವುದಿದೆ’ ಎಂದು. ಹಾಗಾಗಿ ಬಂಡವಾಳ ಕೊಡಬೇಕಾದವರ ಸಾಲಿನಲ್ಲಿ ಬಂದು ಕೂರುತ್ತದೆ.

ಗಲ್ಲಾದಿಂದ 500 ತೆಗೆದು ಮನೆಗೆ ತರಕಾರಿ ತಂದರೆ ಅದು ಅಂಗಡಿಯ ಖರ್ಚಲ್ಲ, ಒಡೆಯರು ಹಿಂದಕ್ಕೆ ತೆಗೆದುಕೊಂಡ ಹಣ. ಇದನ್ನು ಡ್ರಾಯಿಂಗ್ಸ್ ಎಂದು ಬರೆದು ಬಂಡವಾಳದಲ್ಲಿ ಕಳೆಯುತ್ತಾರೆ. ಮಗಳಿಗೆಂದು ಕಪಾಟಿನಿಂದ ಜಾಮೆಟ್ರಿ ಬಾಕ್ಸ್ ಎತ್ತಿಕೊಟ್ಟರೂ ಡ್ರಾಯಿಂಗ್ಸೇ, ಅದನ್ನು ಕೊಂಡ ಬೆಲೆಗೆ ಬರೆಯಬೇಕು. ಮನೆ ಮತ್ತು ಅಂಗಡಿಯ ನಡುವಿನ ಈ ಗೆರೆ ಅಳಿಸಿಹೋದ ಲೆಕ್ಕದಲ್ಲಿ ಯಾವ ಅಂಕಿಯನ್ನೂ ನಂಬಲಾಗುವುದಿಲ್ಲ. ಮುಂದಿನದೆಲ್ಲ ಇದರ ಮೇಲೆ ನಿಂತಿರುವುದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಸ್ತಿ, ಹೊಣೆ, ಬಂಡವಾಳ ಇವುಗಳ ಸಂಬಂಧವೇನು?

ಅಂಗಡಿಯ ಹತ್ತಿರ ಇರುವುದು ಮತ್ತು ಅಂಗಡಿಗೆ ಬರಬೇಕಾದದ್ದು ಆಸ್ತಿ. ಹೊರಗಿನವರಿಗೆ ಕೊಡಬೇಕಾದದ್ದು ಹೊಣೆ. ಒಡೆಯರಿಗೆ ಸೇರಿದ್ದು ಬಂಡವಾಳ. ಆಸ್ತಿಯ ಮೊತ್ತ ಯಾವತ್ತೂ ಹೊಣೆ ಮತ್ತು ಬಂಡವಾಳ ಕೂಡಿದ ಮೊತ್ತಕ್ಕೆ ಸಮ.

ಅಕ್ಕನ ಅಂಗಡಿಯಲ್ಲಿ ನೋಡಿ. ಸ್ವಂತದ್ದು 2,00,000, ಸೊಸೈಟಿಯಿಂದ ಸಾಲ 1,00,000. ಒಟ್ಟು 3,00,000 ಕೈಗೆ ಬಂತು. ಅದರಲ್ಲಿ ಜೆರಾಕ್ಸ್ ಯಂತ್ರಕ್ಕೆ 1,20,000, ಕಪಾಟು ಮೇಜಿಗೆ 30,000, ಮಳಿಗೆ ಮಾಲೀಕರಿಗೆ ಅಡ್ವಾನ್ಸ್ 50,000 ಹೋಯಿತು. 80,000 ರೂಪಾಯಿಯ ಮಾಲು ತಂದರು, 60,000 ಕೊಟ್ಟು 20,000 ಉದ್ರಿ ಹೇಳಿದರು. ಕೈಯಲ್ಲಿ ಉಳಿದದ್ದು 40,000.

ಈಗ ಆಸ್ತಿ ಕೂಡಿಸಿ: ಯಂತ್ರ 1,20,000, ಪೀಠೋಪಕರಣ 30,000, ಅಡ್ವಾನ್ಸ್ 50,000, ಮಾಲು 80,000, ನಗದು 40,000. ಮೊತ್ತ 3,20,000. ಇನ್ನೊಂದು ಕಡೆ ಬಂಡವಾಳ 2,00,000, ಸೊಸೈಟಿ ಸಾಲ 1,00,000, ಸಗಟು ವ್ಯಾಪಾರಿಗೆ ಬಾಕಿ 20,000. ಅದೂ 3,20,000. ಈ ಸಮ ಕಾಕತಾಳೀಯವಲ್ಲ. ಎಡಗಡೆ ಇರುವುದು ವಸ್ತುಗಳು, ಬಲಗಡೆ ಇರುವುದು ಅವಕ್ಕೆ ದುಡ್ಡು ಎಲ್ಲಿಂದ ಬಂತು ಎಂಬ ಉತ್ತರ. ಒಂದೇ ಹಣವನ್ನು ಎರಡು ಕಡೆಯಿಂದ ಎಣಿಸಿದ್ದೇವೆ.

ಮಳಿಗೆಗೆ ಕೊಟ್ಟ ಅಡ್ವಾನ್ಸ್ ಖರ್ಚಲ್ಲವೇ?

ಅಲ್ಲ. ಬಿಟ್ಟುಹೋಗುವಾಗ ವಾಪಸು ಬರಬೇಕಾದ ಹಣ ಅದು, ಆದ್ದರಿಂದ ಆಸ್ತಿ. ತಿಂಗಳ ಬಾಡಿಗೆ ಮಾತ್ರ ಖರ್ಚು. ಮಾಲೀಕರು ಅಡ್ವಾನ್ಸಿನಲ್ಲಿ ಏನಾದರೂ ಹಿಡಿದುಕೊಂಡರೆ ಆ ಭಾಗ ಅವತ್ತು ಖರ್ಚಾಗುತ್ತದೆ.

ಡೆಬಿಟ್ ಅಂದರೆ ಕಳೆಯುವುದು, ಕ್ರೆಡಿಟ್ ಅಂದರೆ ಕೂಡಿಸುವುದು ತಾನೇ?

ಈ ಭ್ರಮೆ ಹುಟ್ಟುವುದು ಬ್ಯಾಂಕಿನ ಎಸ್ಎಂಎಸ್‌ನಿಂದ. ಹಣ ಬಂದಾಗ ‘ಕ್ರೆಡಿಟ್’, ಹೋದಾಗ ‘ಡೆಬಿಟ್’ ಎಂದು ಬರುತ್ತದೆ, ನಾವು ಹಾಗೇ ಕಲಿತುಬಿಡುತ್ತೇವೆ. ಆದರೆ ಅದು ಬ್ಯಾಂಕ್ ತನ್ನ ಪುಸ್ತಕದಲ್ಲಿ ನಮ್ಮ ಬಗ್ಗೆ ಬರೆದುಕೊಂಡದ್ದು. ನಾವು ಹಣ ಕಟ್ಟಿದರೆ ಬ್ಯಾಂಕಿಗೆ ಅದು ನಮಗೆ ಕೊಡಬೇಕಾದ ಬಾಕಿ, ಹಾಗಾಗಿ ಅವರಲ್ಲಿ ಕ್ರೆಡಿಟ್. ಅದೇ ಹಣ ನಮ್ಮ ಪುಸ್ತಕದಲ್ಲಿ ಬ್ಯಾಂಕಿನಿಂದ ನಮಗೆ ಬರಬೇಕಾದದ್ದು, ಹಾಗಾಗಿ ಡೆಬಿಟ್. ಪಾಸ್‌ಬುಕ್ಕೂ ನಮ್ಮ ಪುಸ್ತಕವೂ ಎದುರುಬದುರು ಕೂತ ಇಬ್ಬರ ಹಾಗೆ, ಒಬ್ಬರ ಬಲ ಇನ್ನೊಬ್ಬರ ಎಡ.

ಲೆಕ್ಕದಲ್ಲಿ ಡೆಬಿಟ್ ಅಂದರೆ ಖಾತೆಯ ಎಡಬದಿ, ಕ್ರೆಡಿಟ್ ಅಂದರೆ ಬಲಬದಿ. ಹೆಚ್ಚಾಯಿತೋ ಕಡಿಮೆಯಾಯಿತೋ ಎನ್ನುವುದು ಖಾತೆ ಯಾವ ಜಾತಿಯದು ಎಂಬುದರ ಮೇಲೆ ಹೋಗುತ್ತದೆ. ನಮ್ಮ ತರಗತಿಗಳಲ್ಲಿ ಮೂರು ಸೂತ್ರ ಬಾಯಿಪಾಠ ಮಾಡಿಸುತ್ತಾರೆ. ವ್ಯಕ್ತಿಗಳ ಖಾತೆಯಲ್ಲಿ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಆಸ್ತಿಗಳ ಖಾತೆಯಲ್ಲಿ ಒಳಬಂದದ್ದು ಡೆಬಿಟ್, ಹೊರಹೋದದ್ದು ಕ್ರೆಡಿಟ್. ಖರ್ಚು, ಆದಾಯಗಳ ನಾಮಮಾತ್ರ ಖಾತೆಯಲ್ಲಿ ಖರ್ಚು ಮತ್ತು ನಷ್ಟ ಡೆಬಿಟ್, ಆದಾಯ ಮತ್ತು ಲಾಭ ಕ್ರೆಡಿಟ್.

ಬಾಯಿಪಾಠ ತಪ್ಪಲ್ಲ. ಆದರೆ ಪ್ರತಿ ಸಲ ಸೂತ್ರ ಹುಡುಕುವ ಮೊದಲು ‘ಏನು ಬಂತು? ಎಲ್ಲಿಂದ ಬಂತು?’ ಎಂದು ಎರಡು ಪ್ರಶ್ನೆ ಕೇಳಿಕೊಳ್ಳಿ. ಅಕ್ಕ 30,000 ಕೊಟ್ಟು ಕಪಾಟು ತಂದರು. ಬಂದದ್ದು ಕಪಾಟು, ಅದು ಡೆಬಿಟ್. ಅದಕ್ಕಾಗಿ ಹೋದದ್ದು ನಗದು, ಅದು ಕ್ರೆಡಿಟ್. ಶಾಲೆಗೆ 40,000 ರೂಪಾಯಿಯ ನೋಟ್‌ಬುಕ್ ಉದ್ರಿ ಕೊಟ್ಟರು. ಪಡೆದದ್ದು ಶಾಲೆ, ಡೆಬಿಟ್. ಆದಾಯ ಹುಟ್ಟಿದ್ದು ಮಾರಾಟದಿಂದ, ಕ್ರೆಡಿಟ್. ಹುಡುಗನಿಗೆ 9,000 ಸಂಬಳ ಕೊಟ್ಟರು. ಸಂಬಳ ಖರ್ಚು, ಡೆಬಿಟ್. ನಗದು ಹೋಯಿತು, ಕ್ರೆಡಿಟ್. ಹೀಗೆ ಐವತ್ತು ನಮೂದು ಕೈಯಲ್ಲಿ ಬರೆದರೆ ಸೂತ್ರ ತಾನಾಗಿ ಒಳಗಿಳಿಯುತ್ತದೆ.

ಅಜ್ಜ ಬರೆಯುತ್ತಿದ್ದ ಜಮಾ-ಖರ್ಚಿಗೂ ಇದಕ್ಕೂ ಏನು ವ್ಯತ್ಯಾಸ?

ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಕಿರ್ದಿ ಪುಸ್ತಕವನ್ನು ಅನೇಕ ಮನೆಗಳಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ. ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಶುರುಮಾಡುವ ರೂಢಿಯೂ ಉಳಿದಿದೆ. ಅದನ್ನು ಕೀಳಾಗಿ ನೋಡಬೇಡಿ. ದಿನದ ಜಮೆ, ದಿನದ ಖರ್ಚು, ರಾತ್ರಿಯ ಶಿಲ್ಕು (ಉಳಿದ ಮೊತ್ತ), ಪ್ರತಿ ಗಿರಾಕಿಗೂ ಖಾತೆ ಎಲ್ಲವೂ ಅದರಲ್ಲಿತ್ತು. ಜಾಣ ಗುಮಾಸ್ತರ ಕೈಯಲ್ಲಿ ಅದೇ ಪೂರ್ತಿ ಲೆಕ್ಕವೂ ಆಗುತ್ತಿತ್ತು. ಆದರೆ ಬಹಳ ಅಂಗಡಿಗಳಲ್ಲಿ ನಗದು ಬಂದದ್ದು ಹೋದದ್ದಷ್ಟೇ ಬರೆದು ನಿಲ್ಲಿಸುತ್ತಿದ್ದರು. ಹಾಗೆ ಬರೆದರೆ ಗಲ್ಲಾದಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ, ಗಳಿಸಿದ್ದೆಷ್ಟು ಎಂದು ತಿಳಿಯುವುದಿಲ್ಲ.

ಇಲ್ಲಿ ಹೇಳುತ್ತಿರುವ ಜೋಡಿ ನಮೂದು (ಡಬಲ್ ಎಂಟ್ರಿ) ಪದ್ಧತಿಯಲ್ಲಿ ಪ್ರತಿ ವ್ಯವಹಾರವೂ ಎರಡು ಖಾತೆಗಳಲ್ಲಿ ಸಮ ಮೊತ್ತಕ್ಕೆ ಕೂರುತ್ತದೆ. ಇಟಲಿಯ ವ್ಯಾಪಾರಿಗಳು ಇದನ್ನು ಬಳಸುತ್ತಿದ್ದರು. ಲೂಕಾ ಪಾಚಿಯೋಲಿ ಎಂಬ ಗಣಿತ ಪಂಡಿತ, ಕ್ರೈಸ್ತ ಸನ್ಯಾಸಿ, 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಅದನ್ನು ಬಿಡಿಸಿ ಬರೆದ. ಕಂಡುಹಿಡಿದವನು ಅವನೇ ಎಂದು ಕೆಲವು ಗೈಡುಗಳಲ್ಲಿದೆ, ಅದು ಸರಿಯಲ್ಲ. ಅವನು ಬರೆಯುವ ಹೊತ್ತಿಗೆ ಪದ್ಧತಿ ಆಗಲೇ ನಡೆಯುತ್ತಿತ್ತು.

ಯಾವ ಯಾವ ಪುಸ್ತಕ ಇಡಬೇಕು?

ಸಣ್ಣ ಅಂಗಡಿಗೆ ನಗದು ಪುಸ್ತಕ, ಖರೀದಿ ಪುಸ್ತಕ, ಮಾರಾಟ ಪುಸ್ತಕ, ಎಲ್ಲರ ಖಾತೆಗಳಿರುವ ಖಾತೆ ಪುಸ್ತಕ ಇದ್ದರೆ ನಡೆಯುತ್ತದೆ. ಇವುಗಳಲ್ಲಿ ಸೇರದ ಸವಕಳಿ (ಬಳಸುತ್ತ ಯಂತ್ರದ ಬೆಲೆ ಇಳಿಯುವುದು, ಮುಂದೆ ಹೇಳುತ್ತೇನೆ), ತಿದ್ದುಪಡಿಯಂಥವಕ್ಕೆ ದಿನಚರಿ ಪುಸ್ತಕ ಅಥವಾ ಜರ್ನಲ್. ಪ್ರತಿ ನಮೂದಿನ ಕೆಳಗೆ ಒಂದು ಸಾಲಿನ ವಿವರಣೆ ಇರಲಿ: ‘ಜೂನ್ ತಿಂಗಳ ಬಾಡಿಗೆ, ಚೆಕ್ ಮೂಲಕ’. ಆರು ತಿಂಗಳಾದ ಮೇಲೆ ಆ ಒಂದು ಸಾಲೇ ನಿಮ್ಮನ್ನು ಕಾಪಾಡುವುದು. ಬಿಲ್ಲು ವೋಚರುಗಳನ್ನು ತಾರೀಖಿನ ಪ್ರಕಾರ ಫೈಲಿಗೆ ಹಾಕಿಡಿ.

ನಗದು ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ವ್ಯಾಪಾರದ ಖರ್ಚಿಗೆ ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಗಟು ವ್ಯಾಪಾರಿಗೆ ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಲಾಭ ಬಂದಿದೆ ಅನ್ನುತ್ತೀರಿ. ಹಾಗಾದರೆ ಗಲ್ಲಾದಲ್ಲಿ ದುಡ್ಡು ಯಾಕಿಲ್ಲ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರ ಮುಖದಲ್ಲಿ ಆತಂಕ ಇರುತ್ತದೆ, ಹುಡುಗ ಕದ್ದನೋ ಎಂಬ ಅನುಮಾನವೂ ಇರುತ್ತದೆ. ಹಾಗಾಗಿ ನಿಧಾನವಾಗಿ, ಪೂರ್ತಿ ಲೆಕ್ಕ ಹಾಕಿಯೇ ಹೇಳುತ್ತೇನೆ.

ಅಕ್ಕನ ಜೂನ್ ತಿಂಗಳು. ಶಾಲೆ ಕಾಲೇಜು ಶುರುವಾಗುವ ಸಮಯ, ಒಳ್ಳೆಯ ವ್ಯಾಪಾರ. ಸ್ಟೇಷನರಿ ಮಾರಿದ್ದು 90,000 ರೂಪಾಯಿಗೆ. ಅದರಲ್ಲಿ 50,000 ಕೈಗೆ ಬಂತು, 40,000 ಶಾಲೆಯ ಉದ್ರಿ. ಆ ಮಾಲನ್ನು ಕೊಂಡ ಬೆಲೆ 66,000. ಅಂದರೆ ಸ್ಟೇಷನರಿಯಲ್ಲಿ 24,000 ಒಟ್ಟು ಲಾಭ. ಜೆರಾಕ್ಸಿನಿಂದ ಬಂದದ್ದು 18,000. ಎರಡೂ ಸೇರಿ 42,000.

ಖರ್ಚು: ಬಾಡಿಗೆ 8,000, ಕರೆಂಟು 2,500, ಹುಡುಗನ ಸಂಬಳ 9,000, ಪೇಪರ್ ಮತ್ತು ಟೋನರ್ 5,500, ಸೊಸೈಟಿ ಬಡ್ಡಿ 1,000. ಒಟ್ಟು 26,000. ಯಂತ್ರ ಮತ್ತು ಪೀಠೋಪಕರಣದ ಸವಕಳಿ 1,750. 42,000ದಲ್ಲಿ ಇವೆಲ್ಲ ಕಳೆದರೆ ನಿವ್ವಳ ಲಾಭ 14,250. ಮೊದಲ ತಿಂಗಳಿಗೆ ಇದು ಚೆನ್ನಾಗಿಯೇ ಇದೆ.

ಈಗ ಗಲ್ಲಾ ನೋಡಿ. ಬಂದದ್ದು ನಗದು ಮಾರಾಟದ 50,000 ಮತ್ತು ಜೆರಾಕ್ಸಿನ 18,000, ಒಟ್ಟು 68,000. ಹೋದದ್ದು: ಹೊಸ ಮಾಲಿಗೆ 60,000, ಮೇಲಿನ ಖರ್ಚು 26,000, ಸಾಲದ ಅಸಲಿಗೆ 3,000, ಮನೆಗೆ ತೆಗೆದದ್ದು 12,000. ಒಟ್ಟು 1,01,000. ಬಂದದ್ದಕ್ಕಿಂತ 33,000 ಹೆಚ್ಚು ಹೋಯಿತು. ತಿಂಗಳ ಶುರುವಿಗೆ 40,000 ಇದ್ದ ನಗದು ಈಗ 7,000.

ಲಾಭ 14,250, ಗಲ್ಲಾದಲ್ಲಿ 33,000 ಇಳಿತ. ಎರಡೂ ನಿಜ. ನಡುವೆ ಏನಾಯಿತು ಎಂದು ಸಾಲಾಗಿ ಇಡೋಣ. ಲಾಭ 14,250ಕ್ಕೆ ಸವಕಳಿ 1,750 ಕೂಡಿಸಿ, ಏಕೆಂದರೆ ಅದು ಈ ತಿಂಗಳು ಕೈಯಿಂದ ಹೋದ ದುಡ್ಡಲ್ಲ. 16,000 ಆಯಿತು. ಮಾರಿದ ಮಾಲಿನ ಬೆಲೆ 66,000, ಮತ್ತೆ ತುಂಬಿದ್ದು 60,000 ಮಾತ್ರ, ಹಾಗಾಗಿ ದಾಸ್ತಾನು ಕರಗಿ 6,000 ನಗದಾಯಿತು. 22,000. ಅದರಿಂದ ಶಾಲೆಯ ಬಾಕಿ 40,000, ಅಸಲು 3,000, ಮನೆಗೆ 12,000 ಕಳೆಯಿರಿ. ಸರಿಯಾಗಿ 33,000 ಇಳಿತ ಸಿಗುತ್ತದೆ. ಹುಡುಗ ಒಂದು ಪೈಸೆಯನ್ನೂ ಮುಟ್ಟಿಲ್ಲ. ದುಡ್ಡು ಶಾಲೆಯ ಹತ್ತಿರ ಇದೆ.

ಹಣ ಯಾವಾಗ ಕೈಗೆ ಬರುತ್ತದೆ ಎಂದು ನೋಡದೆ, ಮಾಲು ಕೊಟ್ಟ ದಿನವೇ ಆದಾಯ, ಸೇವೆ ಪಡೆದ ತಿಂಗಳೇ ಖರ್ಚು ಎಂದು ಬರೆಯುವ ಈ ಕ್ರಮಕ್ಕೆ ಸಂಚಯ ಆಧಾರ ಎನ್ನುತ್ತಾರೆ. ಜೂನ್ ಕರೆಂಟು ಬಿಲ್ಲನ್ನು ಜುಲೈನಲ್ಲಿ ಕಟ್ಟಿದರೂ ಅದು ಜೂನ್ ಖರ್ಚೇ. ಒಂದು ಅವಧಿಯ ಆದಾಯಕ್ಕೆ ಅದೇ ಅವಧಿಯ ಖರ್ಚನ್ನು ಎದುರಿಡಬೇಕು, ಆಗಲೇ ಲಾಭ ಅನ್ನುವ ಮಾತಿಗೆ ಅರ್ಥ. ಅಂಗಡಿಗಳು ನಷ್ಟದಿಂದ ಮುಚ್ಚುವುದನ್ನೂ ನೋಡಿದ್ದೇನೆ, ಪುಸ್ತಕದಲ್ಲಿ ಲಾಭ ಇಟ್ಟುಕೊಂಡು ನಗದಿಲ್ಲದೆ ಮುಚ್ಚುವುದನ್ನೂ ನೋಡಿದ್ದೇನೆ. ಎರಡನೆಯದೇ ಹೆಚ್ಚು ಸಂಕಟ, ಏಕೆಂದರೆ ಅದನ್ನು ತಪ್ಪಿಸಬಹುದಿತ್ತು.

ಸಾಲದ ಕಂತು ಪೂರ್ತಿ ಖರ್ಚಲ್ಲವೇ?

ಅಕ್ಕ ಕಟ್ಟಿದ ಕಂತು 4,000. ಅದರಲ್ಲಿ ಬಡ್ಡಿ 1,000 ಮಾತ್ರ ಖರ್ಚು. ಉಳಿದ 3,000 ಅಸಲು, ಅದು ಹೊಣೆಯನ್ನು ಇಳಿಸಿತು. 1,00,000 ಇದ್ದ ಸಾಲ 97,000 ಆಯಿತು. ಪೂರ್ತಿ ಕಂತನ್ನು ಖರ್ಚಿಗೆ ಬರೆದರೆ ಲಾಭ ಸುಳ್ಳೇ ಕಡಿಮೆ ಕಾಣುತ್ತದೆ, ಸಾಲ ತೀರಿದರೂ ಪುಸ್ತಕದಲ್ಲಿ ಹಾಗೇ ನಿಂತಿರುತ್ತದೆ.

ಸವಕಳಿ ಅಂದರೇನು? ದುಡ್ಡು ಹೋಗದೆ ಖರ್ಚು ಹೇಗೆ?

ಯಂತ್ರ ತಂದ ದಿನವೇ 1,20,000 ಹೋಗಿದೆ. ಆದರೆ ಅದು ಹಲವು ವರ್ಷ ದುಡಿಯುತ್ತದೆ. ಆ ಬೆಲೆಯನ್ನೆಲ್ಲ ಜೂನ್ ತಿಂಗಳ ತಲೆಗೆ ಕಟ್ಟಿದರೆ ಜೂನ್ ಭಾರಿ ನಷ್ಟ, ಮುಂದಿನ ತಿಂಗಳೆಲ್ಲ ಹುಸಿ ಲಾಭ. ಅದಕ್ಕೆ ಬೆಲೆಯನ್ನು ದುಡಿಯುವ ವರ್ಷಗಳಿಗೆ ಹಂಚುತ್ತೇವೆ.

ಪ್ರತಿ ವರ್ಷ ಒಂದೇ ಮೊತ್ತ ಕಳೆದರೆ ಸ್ಥಿರ ಕಂತಿನ ವಿಧಾನ. ಉಳಿದ ಬೆಲೆಯ ಮೇಲೆ ಶೇಕಡಾವಾರು ಕಳೆದರೆ ಇಳಿಕೆ ಶಿಲ್ಕಿನ ವಿಧಾನ. ಶೇ 15ರಂತೆ 1,20,000ಕ್ಕೆ ಮೊದಲ ವರ್ಷ 18,000, ಉಳಿದದ್ದು 1,02,000. ಎರಡನೇ ವರ್ಷ 15,300, ಉಳಿದದ್ದು 86,700. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಶೇ 15, ಪೀಠೋಪಕರಣಕ್ಕೆ ಶೇ 10, ಕಂಪ್ಯೂಟರಿಗೆ ಶೇ 40 ದರವಿದೆ. ಜೂನ್‌ನ ಲೆಕ್ಕದಲ್ಲಿ ನಾನು ವರ್ಷದ ಸವಕಳಿಯನ್ನು ಹನ್ನೆರಡರಿಂದ ಭಾಗಿಸಿದ್ದೆ: ಯಂತ್ರಕ್ಕೆ 1,500, ಪೀಠೋಪಕರಣಕ್ಕೆ 250. ಒಂದು ವಿಧಾನ ಹಿಡಿದರೆ ಅದನ್ನೇ ಮುಂದುವರಿಸಬೇಕು. ವರ್ಷಕ್ಕೊಂದು ವಿಧಾನ ಬದಲಿಸುತ್ತ ಹೋದರೆ ಈ ವರ್ಷವನ್ನು ಹೋದ ವರ್ಷದ ಜೊತೆ ಹೋಲಿಸಲಾಗುವುದಿಲ್ಲ.

ಇದರ ಹಿಂದೆ ಅಂಗಡಿ ನಾಳೆಯೂ ನಡೆಯುತ್ತದೆ ಎಂಬ ನಂಬಿಕೆ ಇದೆ. ಮುಂದಿನ ವಾರ ಮುಚ್ಚುವ ಅಂಗಡಿಗೆ ಸವಕಳಿ ಹಾಕುವುದರಲ್ಲಿ ಅರ್ಥವಿಲ್ಲ, ಯಂತ್ರ ಎಷ್ಟಕ್ಕೆ ಹೋಗುತ್ತದೆ ಎಂದಷ್ಟೇ ಕೇಳಬೇಕಾಗುತ್ತದೆ.

ರಿಪೇರಿಗೆ ಕೊಟ್ಟ ಹಣವನ್ನು ಯಂತ್ರದ ಬೆಲೆಗೆ ಸೇರಿಸಬಹುದೇ?

ಕೆಟ್ಟದ್ದನ್ನು ಮೊದಲಿನ ಸ್ಥಿತಿಗೆ ತರುವ ರಿಪೇರಿ ಆ ತಿಂಗಳ ಖರ್ಚು. ಯಂತ್ರ ತರಿಸಿದ ಲಾರಿ ಬಾಡಿಗೆ, ಕೂರಿಸಿದ ಕೂಲಿ ಯಂತ್ರದ ಬೆಲೆಗೇ ಸೇರುತ್ತದೆ, ಏಕೆಂದರೆ ಅವಿಲ್ಲದೆ ಯಂತ್ರ ಕೆಲಸಕ್ಕೆ ಬರುತ್ತಿರಲಿಲ್ಲ.

ವರ್ಷದ ಕೊನೆಗೆ ದಾಸ್ತಾನಿಗೆ ಯಾವ ಬೆಲೆ ಹಾಕಬೇಕು?

ಕೊಂಡ ಬೆಲೆ ಅಥವಾ ಈಗ ಮಾರಿದರೆ ಕೈಗೆ ಸಿಗುವ ನಿವ್ವಳ ಬೆಲೆ, ಎರಡರಲ್ಲಿ ಕಡಿಮೆ ಇರುವುದು. ಮಾರ್ಚ್ 31ರಂದು ಕಪಾಟಿನಲ್ಲಿ ಏನಿದೆ ಎಂದು ಅಕ್ಕ ಕೂತು ಎಣಿಸಬೇಕು. 100 ರೂಪಾಯಿಗೆ ತಂದ ಹತ್ತು ಡೈರಿ ಉಳಿದಿವೆ ಅನ್ನಿ. ಮೂರು ತಿಂಗಳು ಕಳೆದ ಡೈರಿಯನ್ನು ಯಾರೂ 100ಕ್ಕೆ ಕೊಳ್ಳುವುದಿಲ್ಲ, ರಫ್ ಬರೆಯಲೆಂದು 20ಕ್ಕೆ ಒಯ್ಯಬಹುದು. ಪುಸ್ತಕದಲ್ಲಿ 20ರಂತೆ 200 ರೂಪಾಯಿ ಬರೆಯಿರಿ. ಸಿಲೆಬಸ್ ಬದಲಾದ ಹಳೆಯ ಗೈಡುಗಳು ರದ್ದಿಯ ತೂಕಕ್ಕೇ ಹೋಗುತ್ತವೆ. ಅದೇ ವೇಳೆ 50ಕ್ಕೆ ತಂದ ಪೆನ್ನಿನ ಬೆಲೆ ಈಗ 70 ಆಗಿದ್ದರೆ 50 ಎಂದೇ ಬರೆಯಬೇಕು. ಬರಬಹುದಾದ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿ, ಲಾಭವನ್ನು ಮಾರಿದ ಮೇಲಷ್ಟೇ ಹಿಡಿ ಎನ್ನುವ ಮುನ್ನೆಚ್ಚರಿಕೆಯ ತತ್ವ ಇದು. ವಸೂಲಾಗದ ಉದ್ರಿಗೂ ಇದೇ ಮಾತು. ಊರು ಬಿಟ್ಟುಹೋದವರ ಬಾಕಿಯನ್ನು ವರ್ಷಗಟ್ಟಲೆ ಆಸ್ತಿ ಎಂದು ತೋರಿಸಬೇಡಿ, ನಷ್ಟಕ್ಕೆ ಬರೆದುಬಿಡಿ.

ವಹಿವಾಟು, ಆದಾಯ, ಲಾಭ ಎಲ್ಲ ಒಂದೇ ಅಲ್ಲವೇ?

ಅಲ್ಲ. ಇದನ್ನು ಬೆರೆಸಿದರೆ ಏನಾಗುತ್ತದೆ ಎಂದು 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳು ಕಂಡರು. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಗಾಬರಿಯಾದವು, ಕೆಲವರು ಕ್ಯೂಆರ್ ಕೋಡನ್ನೇ ಕಿತ್ತರು. ‘ನನಗೆ ಅಷ್ಟು ಲಾಭವೇ ಇಲ್ಲ’ ಎಂದು ಬಹಳ ಮಂದಿ ಹೇಳಿದರು. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ಲಾಭದ ಮೇಲಲ್ಲ, ವರ್ಷದ ವಹಿವಾಟಿನ, ಅಂದರೆ ಒಟ್ಟು ಮಾರಾಟದ ಮೇಲೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಅಕ್ಕನ ಅಂಗಡಿಯಲ್ಲಿ ಜೆರಾಕ್ಸ್ ಸೇವೆಯೂ ಇರುವುದರಿಂದ ಅವರು ನೋಡಬೇಕಾದ ಮಿತಿ 20 ಲಕ್ಷ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದನ್ನು ತೋರಿಸಿಕೊಡಲು ಕೂಡ ಪುಸ್ತಕ ಬೇಕು.

ಅಂಗಡಿಯ ಕ್ಯೂಆರ್ ಕೋಡಿಗೆ ಅಕ್ಕನ ತಮ್ಮ ಮನೆ ಖರ್ಚಿಗೆಂದು 30,000 ಹಾಕಿದ ಎಂದುಕೊಳ್ಳಿ. ಪುಸ್ತಕ ಇಲ್ಲದಿದ್ದರೆ ಹೊರಗಿನವರ ಕಣ್ಣಿಗೆ ಅದೂ ಮಾರಾಟವೇ. ಮೊದಲು ಹೇಳಿದ ಮನೆ-ಅಂಗಡಿಯ ಗೆರೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ.

ನೋಂದಣಿ ಆದ ಮೇಲೆ ಶೇ 18 ತೆರಿಗೆಯ ವಸ್ತುವನ್ನು 1,180ಕ್ಕೆ ಮಾರಿದರೆ ಮಾರಾಟ 1,000 ಮಾತ್ರ. 180 ರೂಪಾಯಿ ಸರ್ಕಾರದ್ದು, ಕೇಂದ್ರಕ್ಕೆ 90, ರಾಜ್ಯಕ್ಕೆ 90. ಅದು ನಿಮ್ಮ ಪುಸ್ತಕದಲ್ಲಿ ಹೊಣೆ.

ತಾಳೆಪಟ್ಟಿ ಎಷ್ಟು ಕೂಡಿಸಿದರೂ ಹೊಂದುತ್ತಿಲ್ಲ. ಏನು ಮಾಡಲಿ?

ಎಲ್ಲ ಖಾತೆಗಳ ಶಿಲ್ಕನ್ನು ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ ಬರೆದಾಗ ಮೊತ್ತ ಸಮ ಬರಬೇಕು. ಬರದಿದ್ದರೆ ಮೊದಲು ಒಂದು ಲೋಟ ನೀರು ಕುಡಿದು ವ್ಯತ್ಯಾಸವನ್ನು ನೋಡಿ. ಅದು 9ರಿಂದ ಭಾಗವಾಗುತ್ತದೆಯೇ? ಹಾಗಿದ್ದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 5,400ಕ್ಕೆ 4,500 ಬರೆದರೆ ವ್ಯತ್ಯಾಸ 900. ಭಾಗವಾಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ, ಆ ಮೊತ್ತ ಎಲ್ಲಾದರೂ ಇದೆಯೇ ಹುಡುಕಿ. 350ನ್ನು ತಪ್ಪು ಬದಿಗೆ ಬರೆದರೆ ವ್ಯತ್ಯಾಸ 700 ಬರುತ್ತದೆ. ಎರಡೂ ಅಲ್ಲದಿದ್ದರೆ ಪೂರ್ತಿ ಮೊತ್ತದ ನಮೂದೊಂದು ಒಂದೇ ಕಡೆ ಬಿದ್ದಿದೆಯೇ ನೋಡಿ.

ಒಂದು ಮಾರ್ಚ್ ಕೊನೆಯ ರಾತ್ರಿ 270 ರೂಪಾಯಿಗಾಗಿ ಹನ್ನೆರಡು ಗಂಟೆಯವರೆಗೆ ಕೂತಿದ್ದೆ. 270 ಅಂದರೆ ಒಂಬತ್ತು ಮೂವತ್ತಲೆ. ಇದು ಹೊಳೆದ ಮೇಲೆ ಖಾತೆ ಪುಸ್ತಕದ ಹಾಳೆಗಳಲ್ಲಿ ಮೂರಂಕಿಯ ಮೊತ್ತಗಳನ್ನಷ್ಟೇ ನೋಡುತ್ತ ಹೋದೆ. ಟೋನರ್ ಬಿಲ್ಲು 630, ಖಾತೆಯಲ್ಲಿ 360. ನನ್ನದೇ ಅಕ್ಷರ.

ಮೊತ್ತ ಹೊಂದಿತೆಂದು ಲೆಕ್ಕ ಸರಿಯಾಯಿತು ಎಂದುಕೊಳ್ಳಬೇಡಿ. ರಿಪೇರಿ ಖರ್ಚನ್ನು ಯಂತ್ರದ ಖಾತೆಗೆ ಬರೆದರೂ, ಒಂದು ಬಿಲ್ಲನ್ನು ಎರಡೂ ಕಡೆ ಬರೆಯದೇ ಬಿಟ್ಟರೂ ತಾಳೆಪಟ್ಟಿ ಹೊಂದುತ್ತದೆ.

ನನ್ನ ಪುಸ್ತಕದ ಬ್ಯಾಂಕ್ ಶಿಲ್ಕಿಗೂ ಪಾಸ್‌ಬುಕ್ಕಿಗೂ ಹೊಂದುವುದಿಲ್ಲ. ಬ್ಯಾಂಕಿನವರ ತಪ್ಪೇ?

ಹೆಚ್ಚಿನ ಸಲ ಯಾರದ್ದೂ ತಪ್ಪಲ್ಲ. ನೀವು ಕೊಟ್ಟ ಚೆಕ್ಕನ್ನು ಅವರು ಇನ್ನೂ ಬ್ಯಾಂಕಿಗೆ ಹಾಕಿರುವುದಿಲ್ಲ, ಅದಕ್ಕೆ ಮೂರು ತಿಂಗಳವರೆಗೆ ಅವಕಾಶವಿದೆ. ಬ್ಯಾಂಕ್ ಹಿಡಿದ ಶುಲ್ಕ ನಿಮಗೆ ತಿಳಿದಿರುವುದಿಲ್ಲ. ತಿಂಗಳಿಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ಟಿಕ್ ಹಾಕುತ್ತ ಬಂದು, ಉಳಿದ ವ್ಯತ್ಯಾಸಕ್ಕೆ ಕಾರಣ ಬರೆದಿಡಿ. ಇದೇ ಬ್ಯಾಂಕ್ ತಾಳೆ ಪಟ್ಟಿ. ದೊಡ್ಡ ಕಂಪನಿಗೂ ಇದು ಸಣ್ಣ ಕೆಲಸವಲ್ಲ. 2009ರ ಜನವರಿಯಲ್ಲಿ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷರು ಒಪ್ಪಿಕೊಂಡ ವಂಚನೆಯ ದೊಡ್ಡ ಪಾಲು, ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ ಹಣವೇ ಆಗಿತ್ತು.

ಲಾಭ-ನಷ್ಟ ಖಾತೆ ಇದ್ದಮೇಲೆ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಯಾಕೆ?

ಮೊದಲನೆಯದು ಒಂದು ಅವಧಿಯದು, ಎರಡನೆಯದು ಒಂದು ದಿನದ್ದು. ಜೂನ್ ತಿಂಗಳಲ್ಲಿ ಗಳಿಸಿದ್ದು 14,250 ಎಂದು ಲಾಭ-ನಷ್ಟ ಖಾತೆ ಹೇಳಿತು. ಜೂನ್ 30ರ ರಾತ್ರಿ ಅಂಗಡಿ ಎಲ್ಲಿ ನಿಂತಿದೆ ಎಂದು ಅಢಾವೆ ಪತ್ರಿಕೆ ಹೇಳುತ್ತದೆ: ಯಂತ್ರ 1,18,500, ಪೀಠೋಪಕರಣ 29,750, ಅಡ್ವಾನ್ಸ್ 50,000, ದಾಸ್ತಾನು 74,000, ಶಾಲೆಯಿಂದ ಬರಬೇಕಾದದ್ದು 40,000, ನಗದು 7,000. ಒಟ್ಟು 3,19,250. ಎದುರುಗಡೆ ಸೊಸೈಟಿ ಸಾಲ 97,000, ಸಗಟು ವ್ಯಾಪಾರಿಗೆ 20,000, ಬಂಡವಾಳ 2,02,250. ಬಂಡವಾಳ ಹೇಗೆ ಬಂತು? 2,00,000ಕ್ಕೆ ಲಾಭ 14,250 ಕೂಡಿಸಿ, ಮನೆಗೆ ತೆಗೆದ 12,000 ಕಳೆಯಿರಿ. ಮೊತ್ತ ಮತ್ತೆ 3,19,250.

ಈ ಪತ್ರಿಕೆ ಅಕ್ಕನಿಗೆ ಒಂದು ವಿಷಯವನ್ನು ಕಣ್ಣಿಗೆ ರಾಚುವಂತೆ ತೋರಿಸುತ್ತದೆ. ನಗದು 7,000, ಬರುವ ವಾರ ಬಾಡಿಗೆಯೇ 8,000. ಶಾಲೆಯ ಆಫೀಸಿಗೆ ನಾಳೆ ಬೆಳಿಗ್ಗೆಯೇ ಹೋಗಬೇಕು.

ಟ್ಯಾಲಿ ಕಲಿತರೆ ಇದೆಲ್ಲ ಬೇಕೇ?

ಬೇಕು. ಟ್ಯಾಲಿ 1986ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ಇರುವ ಕಂಪನಿಯ ತಂತ್ರಾಂಶ. ಅದರಿಂದ ದೇಶದ ಲಕ್ಷಾಂತರ ಗುಮಾಸ್ತರ ಕೈನೋವು ಕಡಿಮೆಯಾಗಿದೆ. ಅದು ತಪ್ಪಿಲ್ಲದೆ ಕೂಡಿಸುತ್ತದೆ, ಖಾತೆಗೆ ಏರಿಸುತ್ತದೆ. ಆದರೆ ಅಡ್ವಾನ್ಸನ್ನು ಖರ್ಚಿನ ಗುಂಪಿಗೆ ಹಾಕಿದರೆ ಅದೂ ಹಾಗೇ ತೋರಿಸುತ್ತದೆ. ಮೊದಲು ಒಂದು ತಿಂಗಳ ಲೆಕ್ಕವನ್ನು ಕೈಯಲ್ಲಿ ಬರೆದು ಅಢಾವೆ ಪತ್ರಿಕೆವರೆಗೆ ತನ್ನಿ, ಆಮೇಲೆ ಕಂಪ್ಯೂಟರಿಗೆ ಹೋಗಿ. ಕೆಲಸ ಹುಡುಕುವ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಸಂದರ್ಶನದಲ್ಲಿ ಕೇಳುವುದು ಎಂಟ್ರಿ ಯಾಕೆ ಹಾಗೆ ಹಾಕಿದಿರಿ ಎಂದು.

ಹಳೆಯ ಪುಸ್ತಕಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು. ವ್ಯಾಜ್ಯವೇನಾದರೂ ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷವಾಗುವವರೆಗೆ, ಅಥವಾ ಆ 72 ತಿಂಗಳವರೆಗೆ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ. ಎಂಟು ವರ್ಷ ಎಂದು ಇಟ್ಟುಕೊಂಡರೆ ಲೆಕ್ಕ ಹಾಕುವ ತಲೆನೋವು ತಪ್ಪುತ್ತದೆ. ಥರ್ಮಲ್ ಕಾಗದದ ಬಿಲ್ಲುಗಳ ಅಕ್ಷರ ಬೇಗ ಮಾಸಿಹೋಗಬಹುದು, ಅವುಗಳ ಜೆರಾಕ್ಸ್ ತೆಗೆದಿಡಿ.

ವರ್ಷದ ನಡುವೆ ಇದ್ದೇವೆ. ಹೊಸ ವರ್ಷದವರೆಗೆ ಕಾಯಲೇ?

ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ನಿಜ. ಆದರೆ ಕಾಯಬೇಡಿ. ಇವತ್ತು ಬಾಗಿಲು ಹಾಕುವ ಮೊದಲು ಗಲ್ಲಾ ಎಣಿಸಿ. ಬ್ಯಾಂಕಿನ ಶಿಲ್ಕು ಬರೆಯಿರಿ. ಕಪಾಟಿನ ಮಾಲನ್ನು ಕೊಂಡ ಬೆಲೆಗೆ ಪಟ್ಟಿ ಮಾಡಿ. ಯಂತ್ರ, ಪೀಠೋಪಕರಣಗಳನ್ನು ಕೊಂಡ ಬೆಲೆಯಲ್ಲಿ ಸವಕಳಿ ಕಳೆದು ಬರೆಯಿರಿ. ಯಾರು ನಿಮಗೆ ಕೊಡಬೇಕು, ನೀವು ಯಾರಿಗೆ ಕೊಡಬೇಕು ಎಂದು ಹೆಸರು ಹಿಡಿದು ಬರೆಯಿರಿ. ಮೊದಲಿನದೆಲ್ಲ ಕೂಡಿಸಿ, ಕೊಡಬೇಕಾದದ್ದನ್ನು ಕಳೆದರೆ ಉಳಿಯುವುದು ಇವತ್ತಿನ ನಿಮ್ಮ ಬಂಡವಾಳ. ಅದನ್ನು ಮೊದಲ ಪುಟದಲ್ಲಿ ಬರೆದು ತಾರೀಖು ಹಾಕಿ. ನಾಳೆ ಬೆಳಿಗ್ಗೆಯ ಮೊದಲ ಗಿರಾಕಿ ಕೊಡುವ ದುಡ್ಡು ಎರಡನೇ ಪುಟಕ್ಕೆ.